ಆಪರೇಷನ್ ಭಯಕ್ಕೆ ಮದ್ದು ಹುಡುಕಿದ ಕಥೆ

ನಮ್ಮ ಪ್ರೌಢಶಾಲೆಯ ಸುವರ್ಣ ಮಹೋತ್ಸವದ ಸಂಚಿಕೆಗೆ ಒಂದು ಲೇಖನ ಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿದಾಗ, ನಾನು ಕಂಪ್ಯೂಟರಿನ ಬಗ್ಗೆ ಬರೆಯಬಹುದೆಂದು ಅವರು ಎಣಿಸಿದ್ದರು. ಬಿ.ಇ. ಓದಿ ಸಾಫ್ಟ್‌ವೇರ್ ಕೆಲಸದಲ್ಲಿರುವ ಹಳೆಯ ವಿದ್ಯಾರ್ಥಿಯಿಂದ ಬೇರೇನು ನಿರೀಕ್ಷಿಸುತ್ತಾರೆ? ಆದರೆ ಇದೇ ಶಾಲೆಯ ಸಮಾಜ ವಿಜ್ಞಾನದ ತರಗತಿಯಲ್ಲಿ ಅಂಟಿಕೊಂಡ ಇತಿಹಾಸದ ಹುಚ್ಚು ನನ್ನನ್ನು ಇನ್ನೂ ಬಿಟ್ಟಿಲ್ಲ. ನಾನು ಆರಿಸಿಕೊಂಡಿರುವ ವಿಷಯ, ಆಪರೇಷನ್‌ಗೆ ಮುಂಚೆ ರೋಗಿಯ ಭಯವನ್ನೂ ನೋವನ್ನೂ ತಗ್ಗಿಸಲು ಕೊಡುವ ಮದ್ದುಗಳ ಚರಿತ್ರೆ. ಬಿಡದಿ ಕೈಗಾರಿಕಾ ಪ್ರದೇಶ ಬೆಳೆದ ಮೇಲೆ ಪ್ರೆಸ್ಸಿಗೋ ಲೇತಿಗೋ ಬೆರಳು ಕೊಟ್ಟವರಿಲ್ಲದ ಬೀದಿ ನಮ್ಮಲ್ಲಿ ಕಡಿಮೆ. ಹೆರಿಗೆಗೆ, ಹರ್ನಿಯಾಗೆ, ಕಣ್ಣಿನ ಪೊರೆಗೆ ಆಪರೇಷನ್ ಟೇಬಲ್ ಹತ್ತಿದವರಂತೂ ಎಲ್ಲರ ಮನೆಯಲ್ಲೂ ಇದ್ದಾರೆ. ಆದ್ದರಿಂದ ಇದು ನಮ್ಮ ಚರಿತ್ರೆಯೂ ಹೌದು.

'ಅರಿವಳಿಕೆ' ಎಂಬ ಕನ್ನಡ ಪದ ನನಗೆ ಬಹಳ ಇಷ್ಟ. ಅರಿವು ಅಳಿಯುವುದು. ಅಷ್ಟೇ ಸರಳ. ಹಳ್ಳಿಯಲ್ಲಿ ನಾವು 'ಮತ್ತು ಕೊಡೋದು' ಅನ್ನುತ್ತೇವೆ, ಅದನ್ನು ಕೊಡುವವರು 'ಮತ್ತಿನ ಡಾಕ್ಟರು'. ಆದರೆ ಅರಿವು ಅಳಿಯುವ ಮುಂಚಿನ ಒಂದು ರಾತ್ರಿ ಇದೆಯಲ್ಲ, ಆಸ್ಪತ್ರೆಯ ಮಂಚದ ಮೇಲೆ ಕಣ್ಣು ಮುಚ್ಚದ ರಾತ್ರಿ, ಅದಕ್ಕೆ ಹೆಸರಿಲ್ಲ. ವೈದ್ಯಶಾಸ್ತ್ರವೂ ಬಹಳ ಕಾಲ ಆ ರಾತ್ರಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ನಮ್ಮ ಸುಶ್ರುತ ತೆಗೆದುಕೊಂಡಿದ್ದ. ಶಸ್ತ್ರಕ್ರಿಯೆಗೆ ಮುಂಚೆ ರೋಗಿಗೆ ಊಟ ಕೊಡಬೇಕು, ಕುಡಿಯುವ ಅಭ್ಯಾಸವಿದ್ದವನಿಗೆ ತೀಕ್ಷ್ಣವಾದ ಮದ್ಯ ಕೊಡಬೇಕು ಎಂದು ಸುಶ್ರುತ ಸಂಹಿತೆ ಹೇಳುತ್ತದೆ. ಹೊಟ್ಟೆ ತುಂಬಿದವನು ಮೂರ್ಛೆ ಹೋಗುವುದಿಲ್ಲ, ಮತ್ತೇರಿದವನಿಗೆ ಶಸ್ತ್ರದ ಅರಿವಾಗುವುದಿಲ್ಲ ಎಂಬುದು ಅದರ ತರ್ಕ. (ಇಂದಿನ ಮತ್ತಿನ ಡಾಕ್ಟರು ಇದನ್ನು ಕೇಳಿದರೆ ಹೌಹಾರುತ್ತಾರೆ. ತುಂಬಿದ ಹೊಟ್ಟೆಯಲ್ಲಿ ಪೂರ್ಣ ಅರಿವಳಿಕೆ ಕೊಟ್ಟರೆ ವಾಂತಿ ಶ್ವಾಸಕೋಶಕ್ಕೆ ನುಗ್ಗುವ ಅಪಾಯವಿದೆ.) ಭೋಜರಾಜನಿಗೆ 'ಸಮ್ಮೋಹಿನಿ' ಎಂಬ ಚೂರ್ಣ ಕೊಟ್ಟು ತಲೆಯ ಶಸ್ತ್ರಕ್ರಿಯೆ ಮಾಡಿದ ಕಥೆ ಭೋಜಪ್ರಬಂಧದಲ್ಲಿದೆ. ಅದನ್ನು ಕಥೆಯೆಂದೇ ಓದಬೇಕು. ಆದರೂ ಆ ಆಸೆ ಎಷ್ಟು ಹಳೆಯದು ಎಂಬುದಕ್ಕೆ ಅದೊಂದು ಸಾಕ್ಷಿ. ವಾಸ್ತವದಲ್ಲಿ ಜಗತ್ತಿನ ಬಹುಪಾಲು ಜನರಿಗೆ ಸಿಕ್ಕಿದ್ದು ನಾಲ್ಕು ಜನರ ಗಟ್ಟಿ ಕೈಗಳು ಮಾತ್ರ. ಅವರು ಅದುಮಿ ಹಿಡಿಯುತ್ತಿದ್ದರು, ಶಸ್ತ್ರವೈದ್ಯ ಆದಷ್ಟು ಬೇಗ ಕೊಯ್ದು ಮುಗಿಸುತ್ತಿದ್ದ.

1846ರ ಅಕ್ಟೋಬರ್ 16ರಂದು ಅಮೆರಿಕದ ಬಾಸ್ಟನ್ನಿನಲ್ಲಿ ವಿಲಿಯಂ ಮಾರ್ಟನ್ ಎಂಬ ದಂತವೈದ್ಯ ಈಥರ್ ಆವಿ ಕುಡಿಸಿ ನೋವಿಲ್ಲದ ಶಸ್ತ್ರಚಿಕಿತ್ಸೆಯನ್ನು ಜನರೆದುರು ತೋರಿಸಿದ. ಹಡಗಿನ ಕಾಲದಲ್ಲೂ ಆ ಸುದ್ದಿ ಎಷ್ಟು ವೇಗವಾಗಿ ಓಡಿತೆಂದರೆ, 1847ರ ಮಾರ್ಚ್ 22ರಂದು ಕಲ್ಕತ್ತೆಯಲ್ಲಿ ಈಥರ್ ಬಳಸಿ ಶಸ್ತ್ರಚಿಕಿತ್ಸೆ ನಡೆಯಿತು. ಅದೇ ವರ್ಷದ ಕೊನೆಗೆ ಎಡಿನ್‌ಬರೋದಲ್ಲಿ ಜೇಮ್ಸ್ ಸಿಂಪ್ಸನ್ ಕ್ಲೋರೋಫಾರ್ಮ್ ತಂದ. ಅದು 1848ರ ಜನವರಿಯಲ್ಲಿ ಕಲ್ಕತ್ತೆ ತಲುಪಿತು.

ಅದೇ ಜನವರಿ 28ರಂದು ಇಂಗ್ಲೆಂಡಿನ ನ್ಯೂಕಾಸಲ್ ಹತ್ತಿರ ಹ್ಯಾನಾ ಗ್ರೀನರ್ ಎಂಬ 15 ವರ್ಷದ ಹುಡುಗಿ ಸತ್ತಳು. ಆಗಬೇಕಾಗಿದ್ದುದು ಕಾಲುಗುರು ತೆಗೆಯುವ ಸಣ್ಣ ಕೆಲಸ. ಹುಡುಗಿ ತುಂಬ ಹೆದರಿದ್ದಳು, ಅಳುತ್ತಿದ್ದಳು. ಬಟ್ಟೆಯ ಮೇಲೆ ಒಂದಿಷ್ಟು ಕ್ಲೋರೋಫಾರ್ಮ್ ಹಾಕಿ ಮೂಗಿಗೆ ಹಿಡಿದರು. ಕೆಲವೇ ನಿಮಿಷಗಳಲ್ಲಿ ಪ್ರಾಣ ಹೋಯಿತು. ನಮ್ಮ ಒಂಬತ್ತು, ಹತ್ತನೆಯ ತರಗತಿಯ ವಯಸ್ಸು. ಈ ಸಾವು ವೈದ್ಯರನ್ನು ಅರವತ್ತು ವರ್ಷಕ್ಕೂ ಹೆಚ್ಚು ಕಾಲ ಕಾಡಿತು. ಹೆಚ್ಚು ಕ್ಲೋರೋಫಾರ್ಮ್ ಕೊಟ್ಟು ಸತ್ತರೆ ಅರ್ಥವಾಗುತ್ತದೆ. ಇಷ್ಟು ಕಡಿಮೆ ಕೊಟ್ಟಾಗ, ಅದೂ ಆರಂಭದಲ್ಲೇ, ಯಾಕೆ?

ಈ ಪ್ರಶ್ನೆಗೆ ಉತ್ತರ ಹುಡುಕುವ ದೊಡ್ಡ ಪ್ರಯತ್ನವೊಂದು ನಮ್ಮ ಪಕ್ಕದಲ್ಲೇ ನಡೆಯಿತು. ಇಂದಿನ ಕಲಬುರಗಿ, ಬೀದರ್, ರಾಯಚೂರು ಜಿಲ್ಲೆಗಳು ಆಗ ಹೈದರಾಬಾದ್ ನಿಜಾಮನ ಸಂಸ್ಥಾನದಲ್ಲಿದ್ದವು. ಆ ಸಂಸ್ಥಾನದ ವೈದ್ಯ ಎಡ್ವರ್ಡ್ ಲಾರಿ 1888 ಮತ್ತು 1889ರಲ್ಲಿ ನಿಜಾಮನ ಹಣದಿಂದ ಎರಡು 'ಕ್ಲೋರೋಫಾರ್ಮ್ ಕಮಿಷನ್' ನಡೆಸಿದ. ಎರಡನೆಯದಕ್ಕೆ ಲಂಡನ್ನಿನಿಂದ ಲಾಡರ್ ಬ್ರಂಟನ್ ಎಂಬ ಪ್ರಸಿದ್ಧ ವೈದ್ಯನೇ ಬಂದ. ನೂರಾರು ಪ್ರಾಣಿಗಳ ಮೇಲೆ ಪರೀಕ್ಷೆ ನಡೆಯಿತು. ಉಸಿರಾಟದ ಮೇಲೆ ಕಣ್ಣಿಟ್ಟರೆ ಸಾಕು, ಕ್ಲೋರೋಫಾರ್ಮ್ ಹೃದಯವನ್ನು ನೇರವಾಗಿ ನಿಲ್ಲಿಸುವುದಿಲ್ಲ ಎಂದು ಕಮಿಷನ್ ತೀರ್ಪು ಕೊಟ್ಟಿತು. ಆ ದಿನಗಳಲ್ಲೇ ರೂಪಾಬಾಯಿ ಫರ್ದೂಂಜಿ ಹೈದರಾಬಾದಿನಲ್ಲಿ ಕ್ಲೋರೋಫಾರ್ಮ್ ಕೊಡುವ ವೈದ್ಯೆಯಾಗಿ ಕೆಲಸ ಮಾಡಿದರು. ಜಗತ್ತಿನ ಮೊದಲ ಮಹಿಳಾ ಅರಿವಳಿಕೆ ತಜ್ಞರಲ್ಲಿ ಅವರನ್ನು ಎಣಿಸುತ್ತಾರೆ. ಆಕೆಯ ಬಗ್ಗೆ ನಮ್ಮ ಪಠ್ಯಪುಸ್ತಕದಲ್ಲಿ ಒಂದು ಸಾಲಾದರೂ ಇರಬೇಕಿತ್ತು.

ಕಮಿಷನ್‌ನ ತೀರ್ಪು ಮಾತ್ರ ನಿಲ್ಲಲಿಲ್ಲ. 1911ರಲ್ಲಿ ಗುಡ್‌ಮನ್ ಲೆವಿ ಎಂಬ ಇಂಗ್ಲಿಷ್ ವೈದ್ಯ ಬೆಕ್ಕುಗಳ ಮೇಲಿನ ಪ್ರಯೋಗದಿಂದ ನಿಜ ಸಂಗತಿ ತೋರಿಸಿದ. ಕ್ಲೋರೋಫಾರ್ಮ್ ಇನ್ನೂ ಹಗುರವಾಗಿರುವಾಗ ರಕ್ತಕ್ಕೆ ಅಡ್ರಿನಲಿನ್ ಸೇರಿದರೆ ಹೃದಯದ ಬಡಿತ ಹದ ತಪ್ಪಿ, ಅದು ಬರೀ ಕಂಪಿಸಿ ನಿಂತುಹೋಗುತ್ತದೆ. ಅಡ್ರಿನಲಿನ್ ಎಲ್ಲಿಂದ ಬರುತ್ತದೆ? ಹೆದರಿದ ದೇಹದಿಂದ. ಅಂದರೆ ಹ್ಯಾನಾಳಂಥವರ ಸಾವಿನಲ್ಲಿ ಭಯಕ್ಕೂ ಪಾಲಿದ್ದಿರಬಹುದು. ನನ್ನ ಮಟ್ಟಿಗೆ ಈ ಚರಿತ್ರೆಯ ತಿರುವು ಇದೇ. ಅಲ್ಲಿಯವರೆಗೆ ಭಯ ಎಂದರೆ 'ಮನಸ್ಸು ಗಟ್ಟಿ ಮಾಡ್ಕೊ' ಎಂದು ಬಿಡುವ ವಿಷಯ. ಇಲ್ಲಿಂದ ಮುಂದೆ ಅದು ರಕ್ತದಲ್ಲಿ ಹರಿಯುವ, ಹೃದಯ ನಿಲ್ಲಿಸಬಲ್ಲ ವಸ್ತು. ಅದಕ್ಕೆ ಮದ್ದು ಕೊಡುವುದು ಮುದ್ದು ಮಾಡಿದಂತಲ್ಲ, ಜೀವ ಉಳಿಸುವ ಕೆಲಸ.

ಆಗ ಕೈಯಲ್ಲಿದ್ದ ಮದ್ದು ಅಫೀಮಿನಿಂದ ತೆಗೆದ ಮಾರ್ಫಿನ್. ಅರಿವಳಿಕೆಗೆ ಮುಂಚೆ ಮಾರ್ಫಿನ್ ಚುಚ್ಚಿದರೆ ರೋಗಿ ಶಾಂತನಾಗುತ್ತಾನೆ, ಕ್ಲೋರೋಫಾರ್ಮೂ ಕಡಿಮೆ ಸಾಕು ಎಂದು ಹತ್ತೊಂಬತ್ತನೆಯ ಶತಮಾನದಲ್ಲೇ ಕಂಡುಕೊಂಡಿದ್ದರು. ಅಮೆರಿಕದ ಜಾರ್ಜ್ ಕ್ರೈಲ್ ಎಂಬ ಸರ್ಜನ್ ಇನ್ನೂ ಮುಂದೆ ಹೋದ. ಥೈರಾಯ್ಡ್ ರೋಗಿಗಳು ಭಯದಿಂದಲೇ ಕುಸಿಯುತ್ತಾರೆಂದು, ಯಾವ ದಿನ ಆಪರೇಷನ್ ಎಂಬುದೇ ಅವರಿಗೆ ತಿಳಿಯದಂತೆ ಮಾಡಿ, ಅವರ ಹಾಸಿಗೆಯಲ್ಲೇ ಮತ್ತು ಕೊಟ್ಟು ಕೆಲಸ ಮುಗಿಸುತ್ತಿದ್ದ. ಥೈರಾಯ್ಡ್ ಕದಿಯುವುದು ಎಂದೇ ಅದಕ್ಕೆ ಹೆಸರಾಯಿತು. ರೋಗಿಗೆ ಹೇಳದೆ ಶಾಂತಗೊಳಿಸುವ ದಾರಿ ಅದು. ಇದನ್ನು ನೆನಪಿಡಿ, ಮುಂದೆ ಇದಕ್ಕೆ ತದ್ವಿರುದ್ಧವಾದ ದಾರಿಯೊಂದು ಬರುತ್ತದೆ.

ನಮ್ಮ ಕಡೆ ಹಳೆ ಮೈಸೂರಿನವರಿಗೆ ದೊಡ್ಡಾಸ್ಪತ್ರೆ ಎಂದರೆ ಬೆಂಗಳೂರಿನ ವಿಕ್ಟೋರಿಯಾ. ರಾಣಿಯ ಆಳ್ವಿಕೆಯ ವಜ್ರ ಮಹೋತ್ಸವದ ನೆನಪಿಗೆ 1897ರಲ್ಲಿ ಮಹಾರಾಣಿ ಕೆಂಪನಂಜಮ್ಮಣ್ಣಿಯವರು ಅಡಿಗಲ್ಲು ಹಾಕಿದರು. 1900ರ ಡಿಸೆಂಬರ್‌ನಲ್ಲಿ ಲಾರ್ಡ್ ಕರ್ಜನ್ ಉದ್ಘಾಟಿಸಿದ. ಸ್ವತಃ ಆ ರಾಣಿ 1853ರಲ್ಲಿ ಹೆರಿಗೆಗೆ ಕ್ಲೋರೋಫಾರ್ಮ್ ತೆಗೆದುಕೊಂಡಿದ್ದಳು. ಹೆರಿಗೆ ನೋವು ದೈವನಿಯಮ ಎನ್ನುತ್ತಿದ್ದವರ ಬಾಯಿ ಅದರಿಂದ ಸ್ವಲ್ಪ ಮುಚ್ಚಿತು. ವಿಕ್ಟೋರಿಯಾ ಪಕ್ಕದ ಮಿಂಟೋ ಕಣ್ಣಾಸ್ಪತ್ರೆಯ ಕೆಲಸದ ಹಿಂದೆಯೂ ಇಂಥದೇ ಒಂದು ಆವಿಷ್ಕಾರವಿದೆ. 1884ರಲ್ಲಿ ವಿಯೆನ್ನಾದ ಕಾರ್ಲ್ ಕೋಲರ್ ಕೊಕೇನ್ ಹನಿಯಿಂದ ಕಣ್ಣು ಮರಗಟ್ಟುತ್ತದೆ ಎಂದು ತೋರಿಸಿದ ಮೇಲೆ, ಎಚ್ಚರವಿರುವಾಗಲೇ ಕಣ್ಣಿನ ಪೊರೆ ತೆಗೆಯುವುದು ಸಾಧ್ಯವಾಯಿತು. ನೋವಿಲ್ಲ, ಆದರೆ ಎಚ್ಚರವಿದೆ. ಹಾಗಾದಾಗ ಭಯದ ಪ್ರಶ್ನೆ ಇನ್ನೂ ದೊಡ್ಡದು.

ಎರಡನೆಯ ಮಹಾಯುದ್ಧದ ನಂತರ ಫ್ರೆಂಚ್ ನೌಕಾಪಡೆಯ ಸರ್ಜನ್ ಹೆನ್ರಿ ಲಾಬೊರಿ ಈ ಪ್ರಶ್ನೆ ಹಿಡಿದು ಕುಳಿತ. ಅಲರ್ಜಿಗೆಂದು ತಯಾರಾದ ಪ್ರೊಮೆಥಜೀನ್ ಎಂಬ ಮದ್ದನ್ನು (ನಮ್ಮ ಮೆಡಿಕಲ್ ಸ್ಟೋರಿನ ಫೆನರ್ಗನ್) ಆಪರೇಷನ್‌ಗೆ ಮುಂಚೆ ಕೊಟ್ಟು ನೋಡಿದ. ರೋಗಿಗಳು ವಿಚಿತ್ರವಾಗಿ ಶಾಂತರಾಗಿದ್ದರು. ಅದೇ ಕುಲದ ಇನ್ನೂ ಬಲವಾದ ಮದ್ದು ಬೇಕೆಂದಾಗ, ರೋನ್-ಪೂಲಾಂಕ್ ಕಂಪನಿಯಲ್ಲಿ 1950ರ ಡಿಸೆಂಬರಿನಲ್ಲಿ ತಯಾರಾಗಿದ್ದ ಕ್ಲೋರ್‌ಪ್ರೊಮಜೀನ್ ಅವನ ಕೈಸೇರಿತು. ಅದನ್ನು ಪಡೆದವರು ನಿದ್ದೆ ಹೋಗುತ್ತಿರಲಿಲ್ಲ, ಸುತ್ತಲಿನದರ ಬಗ್ಗೆ ಅವರಿಗೆ ಉದಾಸೀನ ಬರುತ್ತಿತ್ತು. ಮನೋರೋಗಿಗಳಿಗೆ ಇದನ್ನು ಕೊಟ್ಟು ನೋಡಿ ಎಂದು ಲಾಬೊರಿ ಸಹೋದ್ಯೋಗಿಗಳ ಬೆನ್ನು ಹತ್ತಿದ. 1952ರಲ್ಲಿ ಪ್ಯಾರಿಸ್ಸಿನಲ್ಲಿ ಕೊಟ್ಟರು. ಮನೋವೈದ್ಯ ಶಾಸ್ತ್ರದ ದಿಕ್ಕೇ ಬದಲಾಯಿತು.

ಆಪರೇಷನ್ ಕೋಣೆಯಿಂದ ಹೊರಟ ಈ ಮದ್ದು 1950ರ ದಶಕದ ಮಧ್ಯದಲ್ಲಿ ಭಾರತಕ್ಕೂ ಬಂತು. ಆ ಹೊತ್ತಿಗೆ ಬೆಂಗಳೂರಿನಲ್ಲಿ ಮನೋವೈದ್ಯಕ್ಕೆ ಒಂದು ದೊಡ್ಡ ನೆಲೆ ಸಿದ್ಧವಾಗಿತ್ತು. 1925ರಲ್ಲೇ ಮೈಸೂರು ಸರ್ಕಾರ 'ಹುಚ್ಚಾಸ್ಪತ್ರೆ'ಯ ಹೆಸರು ತೆಗೆದು 'ಮಾನಸಿಕ ಆಸ್ಪತ್ರೆ' ಎಂದು ಕರೆದಿತ್ತು. 1954ರಲ್ಲಿ ಅಲ್ಲಿಯೇ ಡಾ. ಎಂ. ವಿ. ಗೋವಿಂದಸ್ವಾಮಿಯವರ ನಿರ್ದೇಶನದಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಶುರುವಾಯಿತು. ಆಸ್ಪತ್ರೆ ಮತ್ತು ಸಂಸ್ಥೆ 1974ರ ಡಿಸೆಂಬರ್ 27ರಂದು ಒಂದಾಗಿ ನಿಮ್ಹಾನ್ಸ್ ಆಯಿತು.

ನಮ್ಮದೇ ಆದ ಇನ್ನೊಂದು ಬೇರೂ ಇದೆ, ಸರ್ಪಗಂಧ. 1931ರಲ್ಲಿ ಸೇನ್ ಮತ್ತು ಬೋಸ್ ಎಂಬ ಇಬ್ಬರು ಭಾರತೀಯ ವೈದ್ಯರು ಅದು ಉನ್ಮಾದಕ್ಕೂ ರಕ್ತದೊತ್ತಡಕ್ಕೂ ಮದ್ದು ಎಂದು ಬರೆದರು. 1934ರಲ್ಲಿ ಹಿಮಾಲಯ ಕಂಪನಿ ಅದನ್ನು ಸರ್ಪಿನಾ ಎಂಬ ಮಾತ್ರೆಯಾಗಿ ಮಾರುಕಟ್ಟೆಗೆ ತಂತು. ಡೆಹ್ರಾಡೂನಿನಲ್ಲಿ ಹುಟ್ಟಿದ ಆ ಕಂಪನಿ ಮುಂದೆ ನಮ್ಮ ತುಮಕೂರು ರಸ್ತೆಯ ಮಾಕಳಿಗೇ ಬಂದು ನೆಲೆಸಿತು. 1952ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿಯವರು ಆ ಬೇರಿನ ಸಾರವಾದ ರಿಸರ್ಪಿನ್ ಬೇರ್ಪಡಿಸಿದರು. ಆದರೆ ಈ ಮಾತ್ರೆ ತಿನ್ನುತ್ತಿದ್ದವರನ್ನು ಆಪರೇಷನ್‌ಗೆ ಒಯ್ದಾಗ ಬಿ.ಪಿ. ಕುಸಿಯುವುದು ಕಂಡುಬಂದು, ಎರಡು ವಾರ ಮೊದಲೇ ನಿಲ್ಲಿಸಿ ಎಂದು ಹೇಳುವ ಕಾಲವೂ ಬಂತು. ಶಾಂತಿ ಕೊಡುವ ಮದ್ದು ಮತ್ತಿನ ಡಾಕ್ಟರಿಗೆ ಅಶಾಂತಿ ತಂದಿತು ಎನ್ನಬಹುದು.

1963ರಲ್ಲಿ ಲಿಯೋ ಸ್ಟರ್ನ್‌ಬಾಕ್‌ನ ಡಯಾಜೆಪಾಮ್ ವ್ಯಾಲಿಯಂ ಹೆಸರಿನಲ್ಲಿ ಬಂತು. ಆ ದಶಕದ ಕೊನೆಗೆ ರಾನ್‌ಬಾಕ್ಸಿ ಕಂಪನಿ ಅದನ್ನೇ ಕಾಂಪೋಸ್ ಎಂದು ಭಾರತದಲ್ಲಿ ಮಾರಿತು. ನಮ್ಮ ತಂದೆ-ತಾಯಿಯರ ತಲೆಮಾರಿಗೆ 'ನಿದ್ದೆ ಮಾತ್ರೆ' ಎಂದರೆ ಇದೇ.

ಈ ಮದ್ದುಗಳು ಹಳ್ಳಿಯವರ ಮೈಗೆ ಇಳಿದದ್ದು ಹೆಚ್ಚಾಗಿ ಸಂತಾನಹರಣ ಶಸ್ತ್ರಚಿಕಿತ್ಸೆಯ ಕ್ಯಾಂಪುಗಳಲ್ಲಿ. ತುರ್ತು ಪರಿಸ್ಥಿತಿಯ 1976-77ರ ಒಂದೇ ವರ್ಷದಲ್ಲಿ ದೇಶದಲ್ಲಿ 80 ಲಕ್ಷಕ್ಕೂ ಹೆಚ್ಚು ಸಂತಾನಹರಣ ಆಪರೇಷನ್‌ಗಳಾದವು. ಆಗ ಹೆಚ್ಚಿನವರು ಗಂಡಸರು. ಆಮೇಲೆ ಆ ಭಾರ ಹೆಂಗಸರ ಮೇಲೆ ಬಿತ್ತು. ಹೊಟ್ಟೆಯ ಮೇಲೆ ಮರಗಟ್ಟುವ ಸೂಜಿ, ಜೊತೆಗೆ ಮಂಪರು ಬರಿಸುವ ಇಂಜೆಕ್ಷನ್. ಪೆಂಟಜೋಸಿನ್ ಎಂಬ ನೋವು ನಿವಾರಕದ ಜೊತೆ ಫೆನರ್ಗನ್ ಸೇರಿಸಿ ಕೊಡುವುದು ನಮ್ಮ ದೇಶದಲ್ಲಿ ಬಹಳ ಬಳಕೆಯಲ್ಲಿತ್ತು. ಲಾಬೊರಿ ಹಿಡಿದ ಅದೇ ಫೆನರ್ಗನ್.

ನಮ್ಮವ್ವ ತೊಂಬತ್ತರ ದಶಕದಲ್ಲಿ ಇಂಥ ಒಂದು ಕ್ಯಾಂಪಿಗೆ ಹೋಗಿದ್ದಳು. ಈ ಲೇಖನಕ್ಕೆಂದು ಕೇಳಿದಾಗ ಹೇಳಿದಳು: "ಸಾಲಾಗಿ ಮಲಗಿಸಿದ್ರು ಕಣಪ್ಪ. ಸೂಜಿ ಚುಚ್ಚಿದ್ಮೇಲೆ ಮಾತೆಲ್ಲ ದೂರದಿಂದ ಕೇಳ್ದಂಗಾಯ್ತು. ಎಳೆಯೋದು, ಕುಯ್ಯೋದು ಗೊತ್ತಾಗೋದು, ಆದ್ರೆ ಅದು ಬೇರೆ ಯಾರಿಗೋ ಆಯ್ತಾ ಇದ್ದಂಗಿತ್ತು. ಏನ್ ಮಾಡ್ತಾರೆ ಅಂತ ಒಬ್ರೂ ಬಾಯಿ ಬಿಟ್ಟು ಹೇಳ್ಲಿಲ್ಲ ನೋಡು, ಅದಕ್ಕೇ ಜೀವ ಹೋದಂಗಾಗಿದ್ದು." ಲಾಬೊರಿ ತನ್ನ ರೋಗಿಗಳಲ್ಲಿ ಕಂಡ ಉದಾಸೀನವನ್ನು ಅವ್ವ ಒಂದೇ ವಾಕ್ಯದಲ್ಲಿ ಹೇಳಿಬಿಟ್ಟಳು. ಆದರೆ ಆಕೆ ಮೂವತ್ತು ವರ್ಷದಿಂದ ಮರೆಯದೆ ಇಟ್ಟುಕೊಂಡಿರುವುದು ಯಾರೂ ಹೇಳಲಿಲ್ಲ ಎಂಬ ಮಾತನ್ನು. ಇಂಥ ಸಾಮೂಹಿಕ ಕ್ಯಾಂಪುಗಳನ್ನು ಮೂರು ವರ್ಷದೊಳಗೆ ನಿಲ್ಲಿಸಬೇಕೆಂದು ಸುಪ್ರೀಂ ಕೋರ್ಟ್ ದೇವಿಕಾ ಬಿಸ್ವಾಸ್ ಪ್ರಕರಣದಲ್ಲಿ ಹೇಳಿದ್ದು 2016ರಲ್ಲಿ.

ಹೇಳುವುದರಿಂದ ಏನಾಗುತ್ತದೆ ಎಂಬುದನ್ನು ಅಳೆದು ನೋಡಿದವರಿದ್ದಾರೆ. ನಾನು ಹೇಳಿದ ತದ್ವಿರುದ್ಧ ದಾರಿ ಇದು. ಬಾಸ್ಟನ್ನಿನಲ್ಲಿ ಲಾರೆನ್ಸ್ ಎಗ್ಬರ್ಟ್ ಎಂಬ ಅರಿವಳಿಕೆ ತಜ್ಞ ಮತ್ತವನ ಜೊತೆಗಾರರು 1963ರಲ್ಲಿ ಒಂದು ಹೋಲಿಕೆ ಮಾಡಿದರು. ಕೆಲವರಿಗೆ ಆಪರೇಷನ್‌ಗೆ ಮೊದಲು ನಿದ್ದೆ ಮದ್ದು ಪೆಂಟೋಬಾರ್ಬಿಟಾಲ್. ಕೆಲವರನ್ನು ಹಿಂದಿನ ದಿನ ಅರಿವಳಿಕೆ ವೈದ್ಯನೇ ಭೇಟಿಯಾಗಿ ಮಾತನಾಡಿಸಿದ. ಮದ್ದು ಪಡೆದವರಿಗೆ ಮಂಪರಿತ್ತು, ಆದರೆ ನೆಮ್ಮದಿ ಇರಲಿಲ್ಲ. ಮಾತನಾಡಿಸಿದವರು ಎಚ್ಚರವಾಗಿದ್ದರು, ನೆಮ್ಮದಿಯಾಗಿಯೂ ಇದ್ದರು. 1964ರಲ್ಲಿ ಹೊಟ್ಟೆಯ ಆಪರೇಷನ್ ಆಗಬೇಕಿದ್ದ 97 ಜನರ ಮೇಲೆ ಇನ್ನೊಂದು ಅಧ್ಯಯನ ನಡೆಯಿತು. ಅರ್ಧದಷ್ಟು ಜನರಿಗೆ ಎಲ್ಲಿ ನೋಯುತ್ತದೆ, ಯಾಕೆ ನೋಯುತ್ತದೆ, ಹೇಗೆ ಉಸಿರೆಳೆದು ಸ್ನಾಯು ಸಡಿಲಿಸಬೇಕು ಎಂದು ವಿವರಿಸಿದರು. ಅವರಿಗೆ ಬೇಕಾದ ನೋವಿನ ಮದ್ದು ಉಳಿದವರದರ ಸುಮಾರು ಅರ್ಧ. ಮನೆಗೂ ಸರಾಸರಿ 2.7 ದಿನ ಮೊದಲೇ ಹೋದರು. ಯಾರಿಗೆ ವಿವರಿಸಲಾಗಿದೆ ಎಂಬುದು ಸರ್ಜನ್‌ಗಳಿಗೆ ಗೊತ್ತಿರಲಿಲ್ಲ. ನನ್ನ ವೃತ್ತಿಯಲ್ಲಿ ಟೆಸ್ಟಿಂಗ್ ಮಾಡುವವನಾಗಿ ಹೇಳುತ್ತೇನೆ, ಇದು ಚೊಕ್ಕವಾದ ಟೆಸ್ಟು.

ಇನ್ನು ನಮ್ಮ ಕಾಲದ ಮದ್ದಿಗೆ ಬರೋಣ. ನಮ್ಮ ಚಿಕ್ಕಪ್ಪ ಕೈಗಾರಿಕಾ ಪ್ರದೇಶದ ಒಂದು ಸಣ್ಣ ಪ್ರೆಸ್ ಶಾಪಿನಲ್ಲಿ ದುಡಿಯುತ್ತಿದ್ದಾಗ ಬಲಗೈಯ ಎರಡು ಬೆರಳು ಕಳೆದುಕೊಂಡರು. ಗಾಯ ಮಾಗಿತು. ಆದರೆ ಇಲ್ಲದ ಬೆರಳು ಉರಿಯತೊಡಗಿತು. ಇದು ಭ್ರಮೆಯಲ್ಲ. ಅಮೆರಿಕದ ಅಂತರ್ಯುದ್ಧದ ಗಾಯಾಳುಗಳಲ್ಲಿ ಇದನ್ನು ಕಂಡ ಸೈಲಸ್ ವಿಯರ್ ಮಿಚೆಲ್ 1871ರಲ್ಲೇ ಇದಕ್ಕೆ ಹೆಸರಿಟ್ಟಿದ್ದಾನೆ. ತುಂಡಾದ ನರ ಸುಮ್ಮನಿರದೆ ಸುದ್ದಿ ಕಳಿಸುತ್ತಲೇ ಇರುತ್ತದೆ. ಡಾಕ್ಟರು ಪ್ರೆಗಾಬಾಲಿನ್ ಬರೆದರು. ಚಿಕ್ಕಪ್ಪನ ಮಾತಿನಲ್ಲಿ ಅದು 'ನರದ ಮಾತ್ರೆ'.

ಪ್ರೆಗಾಬಾಲಿನ್‌ಗಿಂತ ಮೊದಲು ಬಂದ ಅದರ ಅಣ್ಣ ಗಾಬಾಪೆಂಟಿನ್. ಮೂರ್ಛೆರೋಗಕ್ಕೆಂದು ಅಮೆರಿಕದಲ್ಲಿ 1993ರ ಡಿಸೆಂಬರಿನಲ್ಲಿ ಅನುಮತಿ ಪಡೆಯಿತು. ಮಿದುಳಿನ 'ಗಾಬಾ' ಎಂಬ ಶಾಂತಿಕಾರಕ ರಾಸಾಯನಿಕದ ಹೋಲಿಕೆಯಲ್ಲಿ ಅದನ್ನು ರೂಪಿಸಿದ್ದರು, ಹೆಸರೂ ಅದರಿಂದಲೇ. ಆಮೇಲೆ ನೋಡಿದರೆ ಅದು ಗಾಬಾದ ದಾರಿಯಲ್ಲಿ ಕೆಲಸವನ್ನೇ ಮಾಡುವುದಿಲ್ಲ. ನರದ ತುದಿಯಲ್ಲಿ ಕ್ಯಾಲ್ಸಿಯಂ ಒಳಬರುವ ಬಾಗಿಲಿನ ಒಂದು ಭಾಗಕ್ಕೆ ಅಂಟಿಕೊಂಡು, ಉದ್ರೇಕದ ಸಂದೇಶ ಹೊರಬೀಳುವುದನ್ನು ತಗ್ಗಿಸುತ್ತದೆ. (ನಮ್ಮ ಆಫೀಸಿನ ಕೋಡ್‌ನಲ್ಲೂ ಹೆಸರು ಒಂದು, ಕೆಲಸ ಇನ್ನೊಂದು ಆಗಿರುವ ಫಂಕ್ಷನ್‌ಗಳು ಬೇಕಾದಷ್ಟಿವೆ.) ನರದ ನೋವಿಗೆ ಇದು ಕೆಲವರಲ್ಲಿ ಹಿಡಿಯಿತು. ಹಾಗಿದ್ದರೆ ಕತ್ತಿ ಬೀಳುವ ಮುಂಚೆಯೇ ನರವನ್ನು ಸುಮ್ಮನಾಗಿಸಿದರೆ ಹೇಗೆ? 2002ರ ಹೊತ್ತಿಗೆ ಡೆನ್ಮಾರ್ಕಿನ ವೈದ್ಯರು ಆಪರೇಷನ್‌ಗೆ ಮೊದಲು ಗಾಬಾಪೆಂಟಿನ್ ಕೊಟ್ಟು, ಆಮೇಲೆ ಬೇಕಾಗುವ ಮಾರ್ಫಿನ್ ಕಡಿಮೆಯಾಗುತ್ತದೆಂದು ತೋರಿಸಿದರು. ಭಯವನ್ನೂ ತಗ್ಗಿಸುತ್ತದೆ ಎಂಬ ವರದಿಗಳು ಬಂದವು. ಜಗತ್ತಿನ ಆಸ್ಪತ್ರೆಗಳೆಲ್ಲ ಹಿಂದೆ ಬಿದ್ದವು.

ಇಲ್ಲಿ ಕಥೆ ಕೆಡುತ್ತದೆ. ಅನುಮತಿಯಿಲ್ಲದ ಉಪಯೋಗಗಳಿಗೆ ಗಾಬಾಪೆಂಟಿನ್ ಪ್ರಚಾರ ಮಾಡಿದ್ದಕ್ಕೆ ವಾರ್ನರ್-ಲ್ಯಾಂಬರ್ಟ್ ಕಂಪನಿ 2004ರಲ್ಲಿ ತಪ್ಪೊಪ್ಪಿಕೊಂಡು 43 ಕೋಟಿ ಡಾಲರ್ ತೆರಲು ಒಪ್ಪಿತು. 2009ರಲ್ಲಿ ಅಮೆರಿಕದ ಅರಿವಳಿಕೆ ತಜ್ಞ ಸ್ಕಾಟ್ ರೂಬೆನ್‌ನ 21 ಪ್ರಬಂಧಗಳ ಅಂಕಿಅಂಶಗಳೇ ಕಟ್ಟುಕಥೆ ಎಂದು ಬಯಲಾಯಿತು. ಅವುಗಳಲ್ಲಿ ಪ್ರೆಗಾಬಾಲಿನ್ ಕುರಿತವೂ ಇದ್ದವು. ಅವನು ಜೈಲಿಗೂ ಹೋದ. ಕೊನೆಗೆ 2020ರಲ್ಲಿ ಕೆನಡಾದ ತಂಡವೊಂದು 281 ಪ್ರಯೋಗಗಳನ್ನು, 24,682 ರೋಗಿಗಳ ಲೆಕ್ಕವನ್ನು ಒಟ್ಟು ಮಾಡಿ ನೋಡಿತು. ಆಪರೇಷನ್ ಸುತ್ತಮುತ್ತ ಈ ಮಾತ್ರೆ ಕೊಟ್ಟರೆ ನೋವು ಇಳಿಯುವುದು ರೋಗಿಗೆ ಗೊತ್ತಾಗದಷ್ಟು ಅಲ್ಪ, ತಲೆಸುತ್ತು ಮಾತ್ರ ಹೆಚ್ಚು ಎಂಬ ಫಲಿತಾಂಶ ಬಂತು. ಹಳೆಯ ಶಾಂತಿಕಾರಕಗಳಿಗೂ ಇದೇ ಗತಿ. ಫ್ರಾನ್ಸಿನಲ್ಲಿ 1,062 ರೋಗಿಗಳ ಮೇಲೆ ಲೊರಾಜೆಪಾಮ್ ಪರೀಕ್ಷಿಸಿದ 2015ರ ಅಧ್ಯಯನದಲ್ಲಿ, ಮಾತ್ರೆ ಪಡೆದವರು ಪಡೆಯದವರಿಗಿಂತ ಹೆಚ್ಚು ತೃಪ್ತರಾಗಿರಲಿಲ್ಲ. ಎಲ್ಲರಿಗೂ ಕಣ್ಣುಮುಚ್ಚಿ ಒಂದು ಮಾತ್ರೆ ಎಂಬ ಪದ್ಧತಿ ಅಲ್ಲಿಂದ ಸಡಿಲವಾಗುತ್ತಿದೆ. ಹಾಗೆಂದು ಇವು ನಿರುಪಯೋಗಿ ಎಂದಲ್ಲ. ತೀರ ನಡುಗುವವರಿಗೆ ಮತ್ತಿನ ಕೋಣೆಯಲ್ಲೇ ಮಿಡಜೋಲಾಮ್ ಕೊಡುವುದು, ತುಂಡಾದ ನರದ ಉರಿಗೆ ಪ್ರೆಗಾಬಾಲಿನ್ ಬರೆಯುವುದು ಇಂದಿಗೂ ಇದೆ.

ಎರಡು ವರ್ಷದ ಹಿಂದೆ ಚಿಕ್ಕಪ್ಪನಿಗೆ ಹರ್ನಿಯಾ ಆಪರೇಷನ್ ಆಯಿತು. ಹಿಂದಿನ ಸಂಜೆ ಮತ್ತಿನ ಡಾಕ್ಟರಮ್ಮ ಬಂದು ಮಂಚದ ಪಕ್ಕ ಸ್ಟೂಲ್ ಎಳೆದುಕೊಂಡು ಕುಳಿತರು. "ಯಜಮಾನ್ರೆ, ದಿನಾ ಯಾವ್ಯಾವ ಮಾತ್ರೆ ತಗೋತೀರಿ?" "ಬಿ.ಪಿ.ದು ಒಂದೇ ಕಣ್ರಮ್ಮ." ಆಕೆ ಅವರ ಕೈ ನೋಡಿ, "ಈ ಬೆರಳಿಗೆ?" ಎಂದರು. ಆಗ ನರದ ಮಾತ್ರೆಯ ಹೆಸರು ಹೊರಬಂತು. ಅದನ್ನು ದಿಢೀರನೆ ನಿಲ್ಲಿಸಬಾರದೆಂದೂ, ಆದರೆ ಆಪರೇಷನ್ ನಂತರದ ನೋವಿನ ಮದ್ದಿನ ಲೆಕ್ಕ ಬದಲಿಸಬೇಕೆಂದೂ ಹೇಳಿದರು. ಬೆನ್ನಿಗೆ ಸೂಜಿ ಹಾಕುವುದು, ಕಾಲು ಭಾರವಾಗುವುದು, ಎಳೆದಂತಾದರೂ ನೋಯದಿರುವುದು, ಎಲ್ಲವನ್ನೂ ಹತ್ತು ನಿಮಿಷ ವಿವರಿಸಿದರು. ಆ ರಾತ್ರಿ ಚಿಕ್ಕಪ್ಪ ಗೊರಕೆ ಹೊಡೆದು ಮಲಗಿದರು. ನಿದ್ದೆ ಬಾರದವನು ನಾನು.

ಆಕೆ ಆ ಮಾತ್ರೆಯ ಹೆಸರನ್ನು ಕೆದಕಿ ಕೇಳಿದ್ದಕ್ಕೆ ಕಾರಣವಿದೆ. ಗಾಬಾಪೆಂಟಿನ್, ಪ್ರೆಗಾಬಾಲಿನ್ ಜೊತೆ ಮಾರ್ಫಿನ್ ಜಾತಿಯ ಮದ್ದು ಸೇರಿದರೆ ಉಸಿರಾಟ ತೀರ ಮಂದವಾಗಬಹುದೆಂದು ಅಮೆರಿಕದ ಔಷಧ ನಿಯಂತ್ರಣ ಇಲಾಖೆ 2019ರ ಡಿಸೆಂಬರಿನಲ್ಲಿ ಎಚ್ಚರಿಸಿದೆ. ವಯಸ್ಸಾದವರಿಗೆ, ಉಬ್ಬಸವಿರುವವರಿಗೆ ಅಪಾಯ ಹೆಚ್ಚು. ಕಾಂಪೋಸ್ ಜಾತಿಯ ಮಾತ್ರೆಯನ್ನಾಗಲಿ ಕುಡಿತವನ್ನಾಗಲಿ ವರ್ಷಗಟ್ಟಲೆ ರೂಢಿ ಮಾಡಿಕೊಂಡವರು ಆಸ್ಪತ್ರೆಗೆ ಸೇರಿದ ದಿನವೇ ಹೇಳದೆ ನಿಲ್ಲಿಸಿದರೆ ಫಿಟ್ಸ್ ಬರುವ ಸಂಭವವಿದೆ. ಹೆಂಡತಿ ಮಕ್ಕಳ ಮುಂದೆ ಹೇಳಲು ಸಂಕೋಚವಾದರೆ, ಮತ್ತಿನ ಡಾಕ್ಟರ ಹತ್ತಿರ ಒಬ್ಬರೇ ಮಾತನಾಡಬೇಕು ಎಂದು ಕೇಳಬಹುದು. ಮಾತ್ರೆಯ ಹೆಸರು ನೆನಪಿರದವರು ಖಾಲಿ ಸ್ಟ್ರಿಪ್ಪನ್ನೇ ಜೇಬಿನಲ್ಲಿ ಹಾಕಿಕೊಂಡು ಹೋದರೂ ಸಾಕು. ಚಿಕ್ಕಪ್ಪ ಈಗ ಫ್ಯಾಕ್ಟರಿಯ ಹಳೆಯ ಐ.ಡಿ. ಕಾರ್ಡಿನ ಕವರಿನಲ್ಲಿ, ಕಾರ್ಡಿನ ಹಿಂದೆ, ಅದನ್ನು ಇಟ್ಟುಕೊಂಡಿದ್ದಾರೆ.